ಚೇಳಿನ ವಿಷ ಮತ್ತು ಜೀವಕೋಶದ ಸೋಡಿಯಂ ಚಾನೆಲ್‌ಗಳು

ಚೇಳಿನ ವಿಷದಲ್ಲಿರುವ ಕೆಲವು ಸಣ್ಣ ಪ್ರೋಟೀನುಗಳು ನರ ಮತ್ತು ಸ್ನಾಯುಗಳ ಜೀವಕೋಶಗಳಲ್ಲಿರುವ ಸೋಡಿಯಂ ಚಾನೆಲ್‌ಗಳಿಗೆ ಅಂಟಿಕೊಂಡು, ಅವು ತೆರೆದು ಮುಚ್ಚುವ ಸಹಜ ಕ್ರಮವನ್ನು ಕೆಡಿಸುತ್ತವೆ. ಸೋಡಿಯಂ ಚಾನೆಲ್ ಎಂದರೆ ಕೋಶಪೊರೆಯಲ್ಲಿ ಹುದುಗಿದ್ದು, ಸೋಡಿಯಂ ಅಯಾನುಗಳು, ಅಂದರೆ ಧನ ವಿದ್ಯುದಂಶವುಳ್ಳ ಸೋಡಿಯಂ ಕಣಗಳು, ಕೋಶದ ಹೊರಗಿನಿಂದ ಒಳಕ್ಕೆ ಹಾಯಲು ದಾರಿ ಕೊಡುವ ದೊಡ್ಡ ಪ್ರೋಟೀನು. ನರದಲ್ಲಿ ಸಂದೇಶ ಹರಿಯುವುದೂ ಸ್ನಾಯು ಸಂಕುಚಿಸುವುದೂ ಹೃದಯ ಮಿಡಿಯುವುದೂ ಈ ದಾರಿ ತಕ್ಕ ಗಳಿಗೆಯಲ್ಲಿ ತೆರೆದು ಒಂದೆರಡು ಮಿಲಿಸೆಕೆಂಡುಗಳಲ್ಲೇ ಮುಚ್ಚಿಕೊಳ್ಳುವುದನ್ನು ಅವಲಂಬಿಸಿವೆ. ಚೇಳು ಕಡಿದಾಗ ಉಂಟಾಗುವ ತೀವ್ರ ನೋವು, ಬೆವರು, ವಾಂತಿ, ಏರುವ ರಕ್ತದೊತ್ತಡ, ತಣ್ಣಗಾಗುವ ಕೈಕಾಲು ಮತ್ತು ಕೆಲವೊಮ್ಮೆ ಪ್ರಾಣಾಪಾಯ ತರುವ ಹೃದಯದ ವೈಫಲ್ಯ, ಇವೆಲ್ಲವೂ ಬಹುಮಟ್ಟಿಗೆ ಈ ಒಂದು ಅಣುಮಟ್ಟದ ಏರುಪೇರಿನಿಂದ ಆರಂಭವಾಗುತ್ತವೆ. ಕೆಂಪು ಚೇಳು ವಾಸಿಸುವ ಉತ್ತರ ಕರ್ನಾಟಕದ ಒಣಭೂಮಿಗೆ ಈ ವಿಷಯ ವಿಶೇಷವಾಗಿ ಸಂಬಂಧಿಸಿದ್ದು, ರೋಗಿಯ ಚಿಕಿತ್ಸೆಯನ್ನು ನಿರ್ಧರಿಸುವಲ್ಲಿಯೂ ಇದರ ತಿಳಿವಳಿಕೆ ನೇರವಾಗಿ ನೆರವಾಗುತ್ತದೆ.

ಪ್ರಭೇದಗಳು ಮತ್ತು ನೆಲೆ

ಜಗತ್ತಿನಲ್ಲಿ 2,500ಕ್ಕೂ ಹೆಚ್ಚು ಚೇಳಿನ ಪ್ರಭೇದಗಳನ್ನು ಗುರುತಿಸಲಾಗಿದ್ದು, ಮನುಷ್ಯನಿಗೆ ಮಾರಕವಾಗಬಲ್ಲವು ಅವುಗಳಲ್ಲಿ ಕೆಲವೇ ಕೆಲವು ಮಾತ್ರ. ಅಂಥವುಗಳಲ್ಲಿ ಬಹುತೇಕ ಎಲ್ಲವೂ ಬೂಥಿಡೀ ಎಂಬ ಒಂದೇ ಕುಟುಂಬಕ್ಕೆ ಸೇರುತ್ತವೆ. ಭಾರತದ ಕೆಂಪು ಚೇಳು ಈ ಕುಟುಂಬದ್ದು. ಡೆನ್ಮಾರ್ಕಿನ ಕೀಟವಿಜ್ಞಾನಿ ಫ್ಯಾಬ್ರೀಷಿಯಸ್ 1798ರಲ್ಲಿ ಇದನ್ನು ಮೊದಲು ವರ್ಣಿಸಿದ. ಬಹುಕಾಲ ಬೂಥಸ್ ಟ್ಯಾಮುಲಸ್ ಎಂದೂ ಅನಂತರ ಮೆಸೊಬೂಥಸ್ ಟ್ಯಾಮುಲಸ್ ಎಂದೂ ಕರೆಯಲಾಗುತ್ತಿದ್ದ ಇದರ ಈಗಿನ ಶಾಸ್ತ್ರೀಯ ನಾಮ ಹಾಟೆಂಟೋಟ ಟ್ಯಾಮುಲಸ್. ಮಹಾರಾಷ್ಟ್ರ, ಕರ್ನಾಟಕ, ಆಂಧ್ರಪ್ರದೇಶ, ತಮಿಳುನಾಡು ಮತ್ತು ಸೌರಾಷ್ಟ್ರಗಳಲ್ಲಿ ಇದರ ಕಡಿತದ ಪ್ರಕರಣಗಳು ಹೆಚ್ಚಾಗಿ ವರದಿಯಾಗಿವೆ.

ಗದಗ ಜಿಲ್ಲೆಯ ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ತಾಲ್ಲೂಕುಗಳ ನೆಲ ಚೇಳಿನ ಬಾಳುವೆಗೆ ಒಪ್ಪುವಂಥದು. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡದ ಕಲ್ಲುಬಂಡೆಗಳು, ಮಸಾರಿ ಹೊಲಗಳ ಕಲ್ಲಿನ ಒಡ್ಡುಗಳು, ಎರೆಭೂಮಿ ಬೇಸಗೆಯಲ್ಲಿ ಬಿರಿದಾಗ ಮೂಡುವ ಆಳವಾದ ಬಿರುಕುಗಳು, ಹಳೆಯ ಮಣ್ಣಿನ ಗೋಡೆಗಳ ಸಂದಿಗಳು, ಹಿತ್ತಲಿನ ಕಟ್ಟಿಗೆಯ ಒಟ್ಟಿಲು, ಕುಳ್ಳಿನ ರಾಶಿ, ಶೇಂಗಾ ಹೊಟ್ಟಿನ ಮತ್ತು ಕಣಕಿಯ ಬಣವೆಗಳು, ಇವೆಲ್ಲ ಹಗಲಿನ ಬಿಸಿಲಿನಿಂದ ತಪ್ಪಿಸಿಕೊಂಡು ಇರುಳಲ್ಲಿ ಬೇಟೆಗೆ ಹೊರಡುವ ಈ ಪ್ರಾಣಿಗೆ ಆಸರೆಯಾಗುತ್ತವೆ. ಕಲ್ಲು ಎತ್ತುವಾಗ, ಬಣವೆಯಿಂದ ಮೇವು ಹಿರಿಯುವಾಗ, ಕತ್ತಲಲ್ಲಿ ಬರಿಗಾಲಲ್ಲಿ ಅಂಗಳಕ್ಕೆ ಇಳಿದಾಗ, ನೆಲದ ಮೇಲೆ ಮಲಗಿದಾಗ ಕಡಿತಗಳು ಸಂಭವಿಸುವುದು ಇದೇ ಕಾರಣದಿಂದ.

ಇದೇ ಪ್ರದೇಶದಲ್ಲಿ ಕಾಣುವ ಕರಿಚೇಳು ಹೆಟೆರೊಮೆಟ್ರಸ್ ಗುಂಪಿಗೆ ಸೇರಿದ್ದು. ಅದರ ಗಾತ್ರ ದೊಡ್ಡದು, ನೋಟ ಭಯಂಕರ, ಇಕ್ಕುಳದಂಥ ಮುಂಗೈಗಳು ದಪ್ಪ. ಆದರೆ ಅದರ ವಿಷ ಮನುಷ್ಯನ ಜೀವಕ್ಕೆ ಅಪಾಯ ತರುವುದು ತೀರ ಅಪರೂಪ. ಕೆಂಪು ಚೇಳು ಸಾಮಾನ್ಯವಾಗಿ 5ರಿಂದ 9 ಸೆಂಟಿಮೀಟರ್ ಉದ್ದವಿದ್ದು, ಅದರ ಮುಂಗೈಗಳು ಸಪೂರವಾಗಿಯೂ ಬಾಲ ದಪ್ಪವಾಗಿಯೂ ಇರುತ್ತವೆ. ಇಕ್ಕುಳದ ಬಲದಿಂದಲೇ ಬೇಟೆಯನ್ನು ಹಿಡಿದು ಅರೆಯಬಲ್ಲ ಚೇಳಿಗೆ ತೀಕ್ಷ್ಣ ವಿಷದ ಅಗತ್ಯ ಕಡಿಮೆ. ಸಪೂರ ಕೈಗಳ ಚೇಳು ಬೇಟೆಯನ್ನು ಕ್ಷಣದಲ್ಲಿ ನಿಶ್ಚಲಗೊಳಿಸಲು ವಿಷವನ್ನೇ ನೆಚ್ಚುತ್ತದೆ. ಆದ್ದರಿಂದ ಗಾತ್ರ ಮತ್ತು ಬಣ್ಣಗಳಿಗಿಂತ ಮುಂಗೈ ಹಾಗೂ ಬಾಲಗಳ ದಪ್ಪದ ಹೋಲಿಕೆಯೇ ಅಪಾಯವನ್ನು ಅಂದಾಜು ಮಾಡಲು ಹೆಚ್ಚು ನಂಬಬಹುದಾದ ಗುರುತು.

ಕೊಂಡಿ ಮತ್ತು ವಿಷದ ಘಟಕಗಳು

ಚೇಳಿನ ಬಾಲದಲ್ಲಿ ಐದು ಗಿಣ್ಣುಗಳಿದ್ದು, ಅವುಗಳ ತುದಿಯಲ್ಲಿ ಉಬ್ಬಿದ ಗಂಟೊಂದು ಇರುತ್ತದೆ. ಈ ಗಂಟಿನೊಳಗೆ ಎಡಬಲಗಳಲ್ಲಿ ಒಂದೊಂದು ವಿಷಗ್ರಂಥಿ ಇದ್ದು, ಪ್ರತಿ ಗ್ರಂಥಿಯನ್ನೂ ಸ್ನಾಯುವಿನ ಪದರವೊಂದು ಸುತ್ತಿಕೊಂಡಿರುತ್ತದೆ. ಗಂಟು ಕೊನೆಗೆ ಚೂಪಾಗಿ ಬಾಗಿ ಕೊಂಡಿಯಾಗುತ್ತದೆ. ಗ್ರಂಥಿಗಳಿಂದ ಹೊರಟ ಎರಡು ನಾಳಗಳು ಕೊಂಡಿಯ ಮೊನೆಗೆ ತುಸು ಹಿಂದೆ ಎರಡು ಸೂಕ್ಷ್ಮ ರಂಧ್ರಗಳಲ್ಲಿ ಬಾಯ್ತೆರೆಯುತ್ತವೆ. ಸ್ನಾಯು ಬಿಗಿದುಕೊಂಡಾಗ ವಿಷ ಹೊರಚಿಮ್ಮುತ್ತದೆ. ಸ್ನಾಯುವಿನ ಬಿಗಿತದ ಮೇಲೆ ಚೇಳಿಗೆ ಹತೋಟಿ ಇರುವುದರಿಂದ ಅದು ವಿಷವನ್ನು ಹೆಚ್ಚು ಕಡಿಮೆ ಮಾಡಬಲ್ಲದು, ವಿಷವಿಲ್ಲದೆ ಬರಿದೆ ಚುಚ್ಚಲೂ ಬಲ್ಲದು. ಖರ್ಚಾದ ವಿಷ ಮತ್ತೆ ತುಂಬಲು ದಿನಗಳೇ ಬೇಕಾಗುವುದರಿಂದ ಈ ಮಿತವ್ಯಯ ಅದಕ್ಕೆ ಅನುಕೂಲಕರ.

ವಿಷವು ನೀರು, ಲವಣಗಳು, ಲೋಳೆಯಂಥ ಸಂಯುಕ್ತಗಳು, ಸೆರೊಟೋನಿನ್‌ನಂಥ ಸಣ್ಣ ಅಣುಗಳು, ಕಿಣ್ವಗಳು ಮತ್ತು ಹಲವಾರು ಬಗೆಯ ಪೆಪ್ಟೈಡುಗಳಿಂದ ಕೂಡಿದ ಮಿಶ್ರಣ. ಪೆಪ್ಟೈಡ್ ಎಂದರೆ ಅಮೈನೋ ಆಮ್ಲಗಳು ಸರಪಳಿಯಂತೆ ಕೂಡಿ ಆದ ಸಣ್ಣ ಪ್ರೋಟೀನು. ನರಗಳ ಮೇಲೆ ಕೆಲಸ ಮಾಡುವ ವಿಷಪೆಪ್ಟೈಡುಗಳಲ್ಲಿ ಎರಡು ಮುಖ್ಯ ಗುಂಪುಗಳಿವೆ. ಸುಮಾರು 60ರಿಂದ 76 ಅಮೈನೋ ಆಮ್ಲಗಳಿರುವ ಉದ್ದ ಸರಪಳಿಯವು ಸೋಡಿಯಂ ಚಾನೆಲ್‌ಗಳ ಮೇಲೂ, ಅದರ ಅರ್ಧದಷ್ಟು ಉದ್ದವಿರುವ ಗಿಡ್ಡ ಸರಪಳಿಯವು ಹೆಚ್ಚಾಗಿ ಪೊಟಾಸಿಯಂ ಚಾನೆಲ್‌ಗಳ ಮೇಲೂ ವರ್ತಿಸುತ್ತವೆ. ಉದ್ದ ಸರಪಳಿಯ ವಿಷಪೆಪ್ಟೈಡುಗಳಲ್ಲಿ ಸಾಮಾನ್ಯವಾಗಿ ನಾಲ್ಕು ಡೈಸಲ್ಫೈಡ್ ಬಂಧಗಳು, ಅಂದರೆ ಗಂಧಕದ ಪರಮಾಣುಗಳ ನಡುವಣ ಸೇತುವೆಗಳು, ಇದ್ದು, ಸರಪಳಿಯನ್ನು ಮಡಿಚಿ ಬಿಗಿದ ಗಟ್ಟಿ ಉಂಡೆಯಾಗಿ ಹಿಡಿದಿಡುತ್ತವೆ. ಈ ಬಿಗಿಯಾದ ರಚನೆಯಿಂದಾಗಿ ಅವು ಶಾಖಕ್ಕೂ ಪ್ರೋಟೀನು ಕರಗಿಸುವ ಕಿಣ್ವಗಳಿಗೂ ಸುಲಭವಾಗಿ ಜಗ್ಗುವುದಿಲ್ಲ.

ಸೋಡಿಯಂ ಚಾನೆಲ್‌ನ ರಚನೆ ಮತ್ತು ಕೆಲಸ

ವಿರಾಮದಲ್ಲಿರುವ ನರಕೋಶದ ಒಳಭಾಗ ಹೊರಭಾಗಕ್ಕಿಂತ ಸುಮಾರು 70 ಮಿಲಿವೋಲ್ಟ್‌ನಷ್ಟು ಋಣವಾಗಿರುತ್ತದೆ. ಸೋಡಿಯಂ ಹೊರಗಿನ ದ್ರವದಲ್ಲಿ ಹೆಚ್ಚಾಗಿಯೂ ಕೋಶದೊಳಗೆ ಅದರ ಹತ್ತನೆಯ ಒಂದು ಭಾಗದಷ್ಟು ಅಥವಾ ಅದಕ್ಕೂ ಕಡಿಮೆಯಾಗಿಯೂ ಇರುವುದರಿಂದ, ದಾರಿ ತೆರೆದೊಡನೆ ಅದು ಒಳಕ್ಕೆ ನುಗ್ಗುತ್ತದೆ. ಪ್ರಚೋದನೆಯೊಂದು ಪೊರೆಯ ಋಣತೆಯನ್ನು ತುಸು ತಗ್ಗಿಸಿದಾಗ ಚಾನೆಲ್‌ಗಳು ತೆರೆದು, ಸೋಡಿಯಂ ಒಳಬಂದು, ಕೋಶದ ಒಳಭಾಗ ಕ್ಷಣಕಾಲ ಧನವಾಗುತ್ತದೆ. ಬೆನ್ನಲ್ಲೇ ಸೋಡಿಯಂ ಚಾನೆಲ್‌ಗಳು ಮುಚ್ಚಿಕೊಂಡು, ಪೊಟಾಸಿಯಂ ಹೊರಹರಿದು, ಪೊರೆ ಮೊದಲಿನ ಸ್ಥಿತಿಗೆ ಮರಳುತ್ತದೆ. ಈ ಏರಿಳಿತವನ್ನು ಕ್ರಿಯಾವಿಭವ ಎನ್ನುತ್ತಾರೆ. ನರದ ಒಂದು ಸಂದೇಶವೆಂದರೆ ತಂತುವಿನುದ್ದಕ್ಕೂ ಸಾಗುವ ಇಂಥದೊಂದು ಏರಿಳಿತ. ಬ್ರಿಟನ್ನಿನ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸಮುದ್ರವಾಸಿ ಸ್ಕ್ವಿಡ್‌ನ ದಪ್ಪ ನರತಂತುವಿನಲ್ಲಿ ಇದನ್ನು ಅಳೆದು 1952ರಲ್ಲಿ ಗಣಿತದ ರೂಪದಲ್ಲಿ ವಿವರಿಸಿದರು. 1963ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಚಾನೆಲ್‌ನ ಮುಖ್ಯ ಪ್ರೋಟೀನು ಸುಮಾರು 2,000 ಅಮೈನೋ ಆಮ್ಲಗಳ ಒಂದೇ ಸರಪಳಿ. ಅದರಲ್ಲಿ ಒಂದನ್ನೊಂದು ಹೋಲುವ ನಾಲ್ಕು ಘಟಕಗಳಿದ್ದು, ಪ್ರತಿ ಘಟಕವೂ ಕೋಶಪೊರೆಯನ್ನು ಆರು ಬಾರಿ ಹಾಯುತ್ತದೆ. ಐದನೆಯ ಮತ್ತು ಆರನೆಯ ಹಾಯುವಿಕೆಗಳು ನಾಲ್ಕೂ ಕಡೆಯಿಂದ ಕೂಡಿ ನಡುವೆ ಸೋಡಿಯಂ ಹರಿಯುವ ರಂಧ್ರವನ್ನು ರೂಪಿಸುತ್ತವೆ. ಪ್ರತಿ ಘಟಕದ ಮೊದಲ ನಾಲ್ಕು ಹಾಯುವಿಕೆಗಳು ಕೂಡಿ ವೋಲ್ಟೇಜನ್ನು ಗುರುತಿಸುವ ಒಂದು ಸಂವೇದಕವಾಗುತ್ತವೆ. ಈ ಹಾಯುವಿಕೆಗಳಲ್ಲಿ ನಾಲ್ಕನೆಯದು ತೀರ ಮುಖ್ಯವಾದುದು: ಅದರಲ್ಲಿ ಪ್ರತಿ ಮೂರನೆಯ ಸ್ಥಾನದಲ್ಲಿ ಧನ ವಿದ್ಯುದಂಶವುಳ್ಳ ಅಮೈನೋ ಆಮ್ಲ ಬರುವುದರಿಂದ, ಕೋಶದ ಒಳಗಿನ ಋಣತೆ ಅದನ್ನು ಒಳಕ್ಕೆ ಸೆಳೆದಿಟ್ಟುಕೊಂಡಿರುತ್ತದೆ, ಋಣತೆ ತಗ್ಗಿದಾಗ ಅದು ಹೊರಕ್ಕೆ ಜಾರುತ್ತದೆ ಮತ್ತು ಆ ಚಲನೆಯೇ ರಂಧ್ರವನ್ನು ತೆರೆಯುತ್ತದೆ.

ನಾಲ್ಕು ಸಂವೇದಕಗಳ ಕೆಲಸ ಒಂದೇ ಬಗೆಯದಲ್ಲ. ಒಂದು, ಎರಡು, ಮೂರನೆಯ ಘಟಕಗಳವು ಬೇಗ ಚಲಿಸಿ ರಂಧ್ರವನ್ನು ತೆರೆಯುವುದರಲ್ಲಿ ಮುಖ್ಯ ಪಾತ್ರ ವಹಿಸುತ್ತವೆ. ನಾಲ್ಕನೆಯ ಘಟಕದ್ದು ತುಸು ತಡವಾಗಿ ಚಲಿಸಿ, ತೆರೆದುದನ್ನು ಮುಚ್ಚುವುದಕ್ಕೆ ಅನುವು ಮಾಡಿಕೊಡುತ್ತದೆ. ಮೂರನೆಯ ಮತ್ತು ನಾಲ್ಕನೆಯ ಘಟಕಗಳನ್ನು ಕೋಶದೊಳಗಿನಿಂದ ಜೋಡಿಸುವ ಭಾಗದಲ್ಲಿ ಐಸೊಲ್ಯೂಸಿನ್, ಫಿನೈಲ್‌ಅಲನಿನ್, ಮಿಥಿಯೊನಿನ್ ಎಂಬ ಮೂರು ಅಮೈನೋ ಆಮ್ಲಗಳ ಸಾಲೊಂದಿದೆ. ನಾಲ್ಕನೆಯ ಸಂವೇದಕ ಹೊರಸರಿದೊಡನೆ ಈ ಮೂರರ ಸಾಲು ರಂಧ್ರದ ಬದಿಯಲ್ಲಿ ತನ್ನ ನೆಲೆಗೆ ಬಂದು ಕೂತು, ಸೋಡಿಯಂ ಹರಿವನ್ನು ನಿಲ್ಲಿಸುತ್ತದೆ. ಇದನ್ನು ಶೀಘ್ರ ನಿಷ್ಕ್ರಿಯತೆ ಎನ್ನುತ್ತಾರೆ.

ಸಸ್ತನಿಗಳಲ್ಲಿ ಇಂಥ ಚಾನೆಲ್‌ಗಳ ಒಂಬತ್ತು ಬಗೆಗಳನ್ನು ಗುರುತಿಸಿ, 1.1ರಿಂದ 1.9ರ ತನಕ ಸಂಖ್ಯೆಗಳನ್ನು ಕೊಡಲಾಗಿದೆ. ಅಸ್ಥಿಸ್ನಾಯುಗಳಲ್ಲಿ 1.4, ಹೃದಯದಲ್ಲಿ 1.5, ನೋವನ್ನು ತಿಳಿಸುವ ನರಗಳಲ್ಲಿ 1.7, 1.8 ಮತ್ತು 1.9 ಮುಖ್ಯವಾದವು. ಬೇರೆ ಬೇರೆ ಚೇಳುಗಳ ವಿಷಪೆಪ್ಟೈಡುಗಳು ಈ ಒಂಬತ್ತರಲ್ಲಿ ಕೆಲವಕ್ಕೆ ಬಲವಾಗಿ, ಕೆಲವಕ್ಕೆ ದುರ್ಬಲವಾಗಿ ಅಂಟಿಕೊಳ್ಳುವುದರಿಂದಲೇ ಒಂದೊಂದು ಪ್ರಭೇದದ ಕಡಿತದ ಲಕ್ಷಣಗಳು ಒಂದೊಂದು ತೆರನಾಗಿರುತ್ತವೆ.

ಆಲ್ಫಾ ವಿಷಪೆಪ್ಟೈಡುಗಳು

ಏಷ್ಯಾ ಮತ್ತು ಆಫ್ರಿಕದ ಬೂಥಿಡೀ ಚೇಳುಗಳ ವಿಷದಲ್ಲಿ ಆಲ್ಫಾ ಗುಂಪಿನವು ಪ್ರಧಾನ. ಸೋಡಿಯಂ ಚಾನೆಲ್‌ನಲ್ಲಿ ನಾನಾ ಜೀವಿಗಳ ವಿಷಗಳು ಅಂಟುವ ನೆಲೆಗಳನ್ನು ವಿಜ್ಞಾನಿಗಳು ಸಂಖ್ಯೆಗಳಿಂದ ಗುರುತಿಸಿದ್ದು, ಆಲ್ಫಾ ವಿಷಪೆಪ್ಟೈಡುಗಳದು ಮೂರನೆಯ ನೆಲೆ. ಇದು ನಾಲ್ಕನೆಯ ಘಟಕದ ಸಂವೇದಕದ ಹೊರಮುಖದಲ್ಲಿ, ಮೂರನೆಯ ಮತ್ತು ನಾಲ್ಕನೆಯ ಹಾಯುವಿಕೆಗಳನ್ನು ಜೋಡಿಸುವ ಕುಣಿಕೆಯ ಬಳಿ ಇದೆ. ವಿಷಪೆಪ್ಟೈಡು ಅಲ್ಲಿ ಬಂದು ಕೂತರೆ ನಾಲ್ಕನೆಯ ಸಂವೇದಕ ಹೊರಕ್ಕೆ ಜಾರಲಾರದೆ ಒಳಗೇ ಉಳಿಯುತ್ತದೆ. ಉಳಿದ ಮೂರು ಸಂವೇದಕಗಳು ಎಂದಿನಂತೆ ಚಲಿಸುವುದರಿಂದ ಚಾನೆಲ್ ತೆರೆಯುವುದಕ್ಕೆ ಅಡ್ಡಿಯಿಲ್ಲ. ಮುಚ್ಚುವುದು ಮಾತ್ರ ಸಾಧ್ಯವಾಗುವುದಿಲ್ಲ. ಬಾಗಿಲ ಸಂದಿಗೆ ಬೆಣೆ ಬಡಿದರೆ ಅದು ತೆರೆದೇ ಉಳಿಯುವಂತೆ, ಒಂದೆರಡು ಮಿಲಿಸೆಕೆಂಡುಗಳಲ್ಲಿ ನಿಲ್ಲಬೇಕಾಗಿದ್ದ ಸೋಡಿಯಂ ಹರಿವು ಹತ್ತಾರು ಮಿಲಿಸೆಕೆಂಡುಗಳ ಕಾಲ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಮುಂದುವರಿಯುತ್ತದೆ.

ಇದರ ಫಲವಾಗಿ ಕ್ರಿಯಾವಿಭವ ಉದ್ದವಾಗುತ್ತದೆ. ಒಂದು ಪ್ರಚೋದನೆಗೆ ಒಂದು ಸಂದೇಶ ಕಳಿಸಬೇಕಾಗಿದ್ದ ನರ ಸಂದೇಶಗಳ ಸಾಲನ್ನೇ ಕಳಿಸತೊಡಗುತ್ತದೆ. ನರದ ತುದಿಯಲ್ಲಿ ಪೊರೆ ಹೆಚ್ಚು ಹೊತ್ತು ಪ್ರಚೋದಿತವಾಗಿಯೇ ಇರುವುದರಿಂದ ಕ್ಯಾಲ್ಸಿಯಂ ಒಳನುಗ್ಗಿ, ಸಂಗ್ರಹದಲ್ಲಿದ್ದ ಅಸಿಟೈಲ್‌ಕೋಲಿನ್, ನಾರ್‌ಅಡ್ರಿನಲಿನ್ ಮೊದಲಾದ ನರವಾಹಕ ರಾಸಾಯನಿಕಗಳು ಹೇರಳವಾಗಿ ಹೊರಬೀಳುತ್ತವೆ.

ಆಲ್ಫಾ ವಿಷಪೆಪ್ಟೈಡುಗಳ ಇನ್ನೊಂದು ಗುಣವೆಂದರೆ, ಅವು ಚಾನೆಲ್‌ಗೆ ಅಂಟಿಕೊಳ್ಳುವ ಬಲ ಪೊರೆಯ ವೋಲ್ಟೇಜಿಗೆ ತಕ್ಕಂತೆ ಬದಲಾಗುವುದು. ಪೊರೆ ವಿರಾಮದಲ್ಲಿರುವಾಗ ಬಂಧ ಬಲವಾಗಿದ್ದು, ಪೊರೆಯನ್ನು ಹೆಚ್ಚು ಧನಗೊಳಿಸಿದಾಗ ಸಂವೇದಕ ಹೊರಕ್ಕೆ ಒತ್ತಿ ವಿಷಪೆಪ್ಟೈಡನ್ನು ತಳ್ಳಿಹಾಕುತ್ತದೆ. ಈ ವರ್ತನೆಯನ್ನು 1970ರ ದಶಕದಿಂದಲೇ ಅಳೆಯಲಾಗಿದ್ದರೂ ಅದರ ಕಣ್ಣಿಗೆ ಕಟ್ಟುವ ಪುರಾವೆ ದೊರೆತದ್ದು 2019ರಲ್ಲಿ. ಉತ್ತರ ಆಫ್ರಿಕದ ಆ್ಯಂಡ್ರೊಕ್ಟೋನಸ್ ಚೇಳಿನ ಆಲ್ಫಾ ವಿಷಪೆಪ್ಟೈಡು ಚಾನೆಲ್‌ಗೆ ಅಂಟಿಕೊಂಡಿರುವ ಸ್ಥಿತಿಯನ್ನು ಅತಿಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಚಿತ್ರಿಸಿದಾಗ, ನಾಲ್ಕನೆಯ ಸಂವೇದಕ ಒಳಸೆಳೆದ ನಿಲುವಿನಲ್ಲಿ ಸಿಕ್ಕಿಬಿದ್ದಿರುವುದು ಸ್ಪಷ್ಟವಾಗಿ ಕಂಡಿತು.

ಕೆಂಪು ಚೇಳಿನ ವಿಷದಲ್ಲಿ ಸೋಡಿಯಂ ಚಾನೆಲ್ ಮುಚ್ಚುವುದನ್ನು ತಡಮಾಡುವ ಪೆಪ್ಟೈಡುಗಳ ಜೊತೆಗೆ ಪೊಟಾಸಿಯಂ ಚಾನೆಲ್‌ಗಳನ್ನು ತಡೆಯುವವೂ ಇವೆ. 1990ರಲ್ಲಿ ಈ ವಿಷದಿಂದ ಬೇರ್ಪಡಿಸಲಾದ ಐಬೀರಿಯೊಟಾಕ್ಸಿನ್ 37 ಅಮೈನೋ ಆಮ್ಲಗಳ ಪೆಪ್ಟೈಡು. ಕ್ಯಾಲ್ಸಿಯಂನಿಂದ ಚುರುಕಾಗುವ ಒಂದು ಬಗೆಯ ಪೊಟಾಸಿಯಂ ಚಾನೆಲ್ಲನ್ನು ಆಯ್ದು ತಡೆಯುವ ಅದು ಇಂದು ಜಗತ್ತಿನ ಪ್ರಯೋಗಾಲಯಗಳಲ್ಲಿ ಸಂಶೋಧನೆಯ ಸಾಧನವಾಗಿ ಬಳಕೆಯಲ್ಲಿದೆ. ಸೋಡಿಯಂ ಒಳಹರಿವು ನಿಲ್ಲದೆ, ಪೊಟಾಸಿಯಂ ಹೊರಹರಿವೂ ನಡೆಯದೆ ಹೋದರೆ ಪೊರೆ ವಿರಾಮಕ್ಕೆ ಮರಳುವ ಎರಡು ದಾರಿಗಳೂ ಕಟ್ಟಿದಂತಾಗುತ್ತದೆ. ಹೀಗೆ ವಿಷದ ಬಿಡಿ ಘಟಕಗಳಿಗಿಂತ ಅವುಗಳ ಕೂಡುವಿಕೆ ಹೆಚ್ಚು ತೀಕ್ಷ್ಣ.

ಬೀಟಾ ಮತ್ತು ಕೀಟನಾಶಕ ವಿಷಪೆಪ್ಟೈಡುಗಳು

ಅಮೆರಿಕ ಖಂಡಗಳ ಸೆಂಟ್ರುರಾಯ್ಡಿಸ್ ಮತ್ತು ಟಿಟಿಯಸ್ ಚೇಳುಗಳಲ್ಲಿ ಬೀಟಾ ಗುಂಪಿನವು ಪ್ರಧಾನ. ಇವು ನಾಲ್ಕನೆಯ ನೆಲೆಗೆ, ಅಂದರೆ ಎರಡನೆಯ ಘಟಕದ ಸಂವೇದಕದ ಬಳಿಗೆ ಅಂಟಿಕೊಳ್ಳುತ್ತವೆ. ಒಮ್ಮೆ ಪ್ರಚೋದನೆಯಿಂದ ಆ ಸಂವೇದಕ ಹೊರಸರಿದರೆ ಬೀಟಾ ವಿಷಪೆಪ್ಟೈಡು ಅದನ್ನು ಅಲ್ಲಿಯೇ ಹಿಡಿದಿಡುತ್ತದೆ. ಅರ್ಧ ತೆರೆದ ಸಿದ್ಧತೆಯಲ್ಲಿ ಉಳಿದ ಚಾನೆಲ್ ಆಮೇಲೆ ತೀರ ಸಣ್ಣ ಪ್ರಚೋದನೆಗೂ, ಒಮ್ಮೊಮ್ಮೆ ವಿರಾಮದ ವೋಲ್ಟೇಜಿನಲ್ಲಿಯೂ, ತೆರೆದುಕೊಳ್ಳುತ್ತದೆ. ಸಂವೇದಕವನ್ನು ಸೆರೆಹಿಡಿಯುವ ಈ ವಿಧಾನವನ್ನು 1998ರಲ್ಲಿ ಸೆಸ್ಟೆಲ್, ಕ್ಯಾಟರಾಲ್ ಮತ್ತು ಸಂಗಡಿಗರು ವಿವರಿಸಿದರು. ಆಲ್ಫಾ ಗುಂಪಿನವು ಒಳಗಿರುವ ಸಂವೇದಕವನ್ನು ಹೊರಬರಗೊಡುವುದಿಲ್ಲ, ಬೀಟಾ ಗುಂಪಿನವು ಹೊರಬಂದದ್ದನ್ನು ಒಳಹೋಗಗೊಡುವುದಿಲ್ಲ. ಎರಡರಿಂದಲೂ ಕೊನೆಗೆ ಆಗುವುದು ನರದ ಅತಿಪ್ರಚೋದನೆಯೇ.

ಚೇಳಿನ ಸಹಜ ಆಹಾರ ಕೀಟಗಳು ಮತ್ತು ಜೇಡಗಳಾದ್ದರಿಂದ ಕೀಟಗಳ ಸೋಡಿಯಂ ಚಾನೆಲ್‌ಗಳಿಗೆ ಮಾತ್ರ ಅಂಟುವ ವಿಷಪೆಪ್ಟೈಡುಗಳೂ ವಿಕಾಸಗೊಂಡಿವೆ. ಇವುಗಳಲ್ಲಿ ಕೆಲವು ಕೀಟದ ಸ್ನಾಯುಗಳನ್ನು ಸೆಟೆದುಕೊಳ್ಳುವಂತೆಯೂ ಕೆಲವು ಸಡಿಲವಾಗುವಂತೆಯೂ ಮಾಡಿ ಬೇಟೆಯನ್ನು ನಿಶ್ಚಲಗೊಳಿಸುತ್ತವೆ. ಸಸ್ತನಿಗಳಿಗೆ ತಗಲದೆ ಕೀಟಗಳನ್ನಷ್ಟೇ ಕೊಲ್ಲುವ ಈ ಗುಣ ಕೃಷಿವಿಜ್ಞಾನಿಗಳ ಗಮನ ಸೆಳೆದಿದ್ದು, ಆ್ಯಂಡ್ರೊಕ್ಟೋನಸ್ ಚೇಳಿನ ಇಂಥ ಒಂದು ಪೆಪ್ಟೈಡಿನ ಜೀನನ್ನು ಕೀಟಗಳಿಗೆ ರೋಗ ತರುವ ವೈರಸ್ಸಿಗೆ ಸೇರಿಸಿದ ಪ್ರಯೋಗದ ವರದಿ 1991ರಲ್ಲಿ ಪ್ರಕಟವಾಯಿತು. ಕೆಂಪು ಚೇಳಿನ ವಿಷದಿಂದಲೂ ಭಾರತೀಯ ವಿಜ್ಞಾನಿಗಳು ಹೆಲಿಕೋವರ್ಪ ಹುಳುವನ್ನು ಕೊಲ್ಲುವ ಗಿಡ್ಡ ಪೆಪ್ಟೈಡೊಂದನ್ನು ಬೇರ್ಪಡಿಸಿದ್ದಾರೆ. ಇದೇ ಹುಳು ಗದಗ ಸೀಮೆಯ ರೈತರಿಗೆ ಕಡಲೆ ಮತ್ತು ಹತ್ತಿಯ ಕಾಯಿಕೊರಕವೆಂದು ಚೆನ್ನಾಗಿ ಪರಿಚಿತ.

ಮನುಷ್ಯನ ದೇಹದ ಮೇಲಿನ ಪರಿಣಾಮ

ಕಡಿದ ಜಾಗದಲ್ಲಿ ಒಡನೆಯೇ ಉರಿಯುವಂಥ ತೀವ್ರ ನೋವು ಹುಟ್ಟುತ್ತದೆ; ಚರ್ಮದ ನೋವಿನ ನರಗಳಲ್ಲಿರುವ ಸೋಡಿಯಂ ಚಾನೆಲ್‌ಗಳು ಮುಚ್ಚಿಕೊಳ್ಳದೆ ಮೇಲಿಂದ ಮೇಲೆ ಸಂದೇಶ ಕಳಿಸುವುದು ಇದಕ್ಕೆ ಒಂದು ಮುಖ್ಯ ಕಾರಣ. ಅನೇಕರಲ್ಲಿ ಬಾಧೆ ಇಷ್ಟಕ್ಕೇ ನಿಂತು, ಕೆಲವು ಗಂಟೆಗಳಿಂದ ಒಂದು ದಿನದೊಳಗೆ ಇಳಿಯುತ್ತದೆ. ವಿಷ ಹೆಚ್ಚಿನ ಪ್ರಮಾಣದಲ್ಲಿ ರಕ್ತಕ್ಕೆ ಸೇರಿದಾಗ ಸ್ವಾಯತ್ತ ನರವ್ಯೂಹ, ಅಂದರೆ ಮನಸ್ಸಿನ ಹತೋಟಿಯಿಲ್ಲದೆ ಹೃದಯ, ರಕ್ತನಾಳ, ಗ್ರಂಥಿಗಳನ್ನು ನಡೆಸುವ ನರಗಳ ಜಾಲ, ಪೂರ್ತಿಯಾಗಿ ಕೆರಳುತ್ತದೆ. ವೈದ್ಯರು ಇದನ್ನು ಸ್ವಾಯತ್ತ ನರವ್ಯೂಹದ ಬಿರುಗಾಳಿ ಎನ್ನುತ್ತಾರೆ.

ಈ ಬಿರುಗಾಳಿಗೆ ಎರಡು ಹಂತಗಳಿವೆ. ಮೊದಲು ಅಸಿಟೈಲ್‌ಕೋಲಿನ್‌ನ ಪ್ರಭಾವದಿಂದ ವಾಂತಿ, ಮೈಯೆಲ್ಲ ತೊಯ್ಯುವಷ್ಟು ಬೆವರು, ಜೊಲ್ಲು ಸುರಿತ, ಗಂಡುಮಕ್ಕಳಲ್ಲಿ ಶಿಶ್ನದ ನಿಮಿರುವಿಕೆ, ನಾಡಿಯ ನಿಧಾನಗತಿ ಕಾಣಿಸಿಕೊಳ್ಳುತ್ತವೆ. ಇವು ಸಾಮಾನ್ಯವಾಗಿ ಅಲ್ಪಾವಧಿಯವು. ಬಳಿಕ ಸ್ವಾಯತ್ತ ನರವ್ಯೂಹದ ಅನುವೇದನಾ (ಸಿಂಪಥೆಟಿಕ್) ನರಗಳ ತುದಿಗಳಿಂದಲೂ ಅಡ್ರಿನಲ್ ಗ್ರಂಥಿಯಿಂದಲೂ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಧಾರಾಳವಾಗಿ ರಕ್ತಕ್ಕೆ ಸೇರುತ್ತವೆ. ರಕ್ತನಾಳಗಳು ಬಿಗಿದು ಕೈಕಾಲು ತಣ್ಣಗಾಗುತ್ತವೆ, ರಕ್ತದೊತ್ತಡ ಏರುತ್ತದೆ, ಹೃದಯ ಓಡತೊಡಗುತ್ತದೆ. ಬಿಗಿದ ನಾಳಗಳೆದುರು ರಕ್ತವನ್ನು ತಳ್ಳಿ ದಣಿದ ಹೃದಯಸ್ನಾಯು ಅಡ್ರಿನಲಿನ್‌ನ ಅತಿರೇಕದಿಂದಲೂ ಹಾನಿಗೊಂಡು ಸೋಲುತ್ತದೆ. ಆಗ ಶ್ವಾಸಕೋಶಗಳಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ. ಕೆಂಪು ಚೇಳಿನ ಕಡಿತದಿಂದ ಸಂಭವಿಸುವ ಸಾವುಗಳಲ್ಲಿ ಹೆಚ್ಚಿನವು ಈ ದಾರಿಯಲ್ಲಿಯೇ ಆಗುತ್ತವೆ. ಅಷ್ಟೇ ವಿಷ ಸಣ್ಣ ದೇಹದಲ್ಲಿ ಹೆಚ್ಚು ಸಾಂದ್ರವಾಗುವುದರಿಂದ ಮಕ್ಕಳಿಗೆ ಅಪಾಯ ಹೆಚ್ಚು.

ಚಿಕಿತ್ಸೆಯ ವಿಕಾಸ

ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್‌ನಲ್ಲಿ ವೈದ್ಯರಾಗಿರುವ ಹಿಮ್ಮತರಾವ್ ಬಾವಸ್ಕರ್ ಅವರು ಚೇಳು ಕಡಿದ ರೋಗಿಗಳ ಪಕ್ಕದಲ್ಲಿ ಕೂತು ಗಂಟೆಗಂಟೆಗೂ ಲಕ್ಷಣಗಳನ್ನು ದಾಖಲಿಸಿ, ಹೃದಯಕ್ಕೆ ಬರಲಿರುವ ಕುತ್ತಿನ ಮುನ್ಸೂಚನೆಗಳನ್ನು 1982ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಸಿದರು. ಅನಂತರ ಅವರು ಬಳಕೆಗೆ ತಂದ ಪ್ರಾಝೋಸಿನ್ ಎಂಬ ಗುಳಿಗೆ ಚಿಕಿತ್ಸೆಯ ದಿಕ್ಕನ್ನೇ ಬದಲಿಸಿತು. ರಕ್ತನಾಳದ ಗೋಡೆಯಲ್ಲಿ ನಾರ್‌ಅಡ್ರಿನಲಿನ್ ಅಂಟುವ ಆಲ್ಫಾ-1 ಗ್ರಾಹಕಗಳನ್ನು ಪ್ರಾಝೋಸಿನ್ ತಡೆಯುವುದರಿಂದ ಬಿಗಿದ ನಾಳಗಳು ಸಡಿಲಗೊಂಡು, ಹೃದಯದ ಹೊರೆ ಇಳಿಯುತ್ತದೆ. ಮಕ್ಕಳಲ್ಲಿ ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ 30 ಮೈಕ್ರೊಗ್ರಾಂ ಪ್ರಮಾಣದಲ್ಲಿ, ತಣ್ಣಗಾದ ಕೈಕಾಲು ಮತ್ತೆ ಬೆಚ್ಚಗಾಗುವ ತನಕ ಮೂರು ಗಂಟೆಗೊಮ್ಮೆ, ವೈದ್ಯರ ನಿಗಾದಲ್ಲಿ ಇದನ್ನು ಕೊಡುವ ಕ್ರಮ ರೂಢಿಗೆ ಬಂದಿದೆ. ಪ್ರಾಝೋಸಿನ್ ಬರುವ ಮೊದಲು ತೀವ್ರ ವಿಷಬಾಧೆಗೆ ಒಳಗಾದವರಲ್ಲಿ ಶೇ. 30ರಷ್ಟಿದ್ದ ಸಾವಿನ ಪ್ರಮಾಣ ಶೇ. 4ಕ್ಕಿಂತ ಕೆಳಗಿಳಿದುದಾಗಿ ವರದಿಗಳು ತಿಳಿಸುತ್ತವೆ. ಬಾವಸ್ಕರ್ ಅವರಿಗೆ 2022ರಲ್ಲಿ ಪದ್ಮಶ್ರೀ ದೊರೆಯಿತು.

ಪ್ರಾಝೋಸಿನ್ ವಿಷವನ್ನು ನಿವಾರಿಸುವುದಿಲ್ಲ. ವಿಷದಿಂದ ಎದ್ದ ಅತಿರೇಕವನ್ನು ತಣಿಸುತ್ತದೆ. ವಿಷಪೆಪ್ಟೈಡುಗಳನ್ನೇ ಹಿಡಿದು ನಿಷ್ಕ್ರಿಯಗೊಳಿಸುವುದು ಪ್ರತಿವಿಷದ ಕೆಲಸ. ಕೆಂಪು ಚೇಳಿನ ವಿಷವನ್ನು ಅಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಮೂಡಿದ ಪ್ರತಿಕಾಯಗಳಿಂದ ಮುಂಬಯಿಯ ಹಾಫ್‌ಕಿನ್ ಸಂಸ್ಥೆ ಪ್ರತಿವಿಷವನ್ನು ತಯಾರಿಸಿತು. ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 2011ರಲ್ಲಿ ಪ್ರಕಟವಾದ 70 ರೋಗಿಗಳ ಅಧ್ಯಯನದಲ್ಲಿ, ಪ್ರಾಝೋಸಿನ್ ಮಾತ್ರ ಪಡೆದವರಿಗಿಂತ ಪ್ರತಿವಿಷ ಮತ್ತು ಪ್ರಾಝೋಸಿನ್ ಎರಡನ್ನೂ ಪಡೆದವರು ಬೇಗ ಚೇತರಿಸಿಕೊಂಡದ್ದು ಕಂಡುಬಂದಿತು. ಹತ್ತು ಗಂಟೆಗಳೊಳಗೆ ಪೂರ್ತಿ ಗುಣಹೊಂದಿದವರು ಎರಡನ್ನೂ ಪಡೆದ ಗುಂಪಿನಲ್ಲಿ 35ಕ್ಕೆ 32, ಪ್ರಾಝೋಸಿನ್ ಮಾತ್ರ ಪಡೆದ ಗುಂಪಿನಲ್ಲಿ 35ಕ್ಕೆ 8 ಮಂದಿ. ಚಾನೆಲ್‌ಗಳಿಗೆ ಹೊಸದಾಗಿ ವಿಷ ಅಂಟುವುದನ್ನು ಪ್ರತಿವಿಷವೂ, ಆಗಲೇ ಎದ್ದ ಬಿರುಗಾಳಿಯನ್ನು ಪ್ರಾಝೋಸಿನ್ನೂ ತಡೆಯುವುದರಿಂದ ಈ ಜೋಡಿ ಹೆಚ್ಚು ಫಲಕಾರಿ.

ಕಡಿದ ಜಾಗದ ನೋವಿಗೆ ಕೊಡುವ ಲಿಗ್ನೊಕೇನ್ ಚುಚ್ಚುಮದ್ದು ಸಹ ಸೋಡಿಯಂ ಚಾನೆಲ್‌ನ ಮೇಲೆಯೇ ಕೆಲಸ ಮಾಡುತ್ತದೆ. ವಿಷಪೆಪ್ಟೈಡು ಹೊರಗಿನಿಂದ ಸಂವೇದಕವನ್ನು ಹಿಡಿದರೆ, ಲಿಗ್ನೊಕೇನ್ ಒಳಗಿನಿಂದ ರಂಧ್ರವನ್ನು ಕಟ್ಟಿ ಸೋಡಿಯಂ ಹರಿವನ್ನು ನಿಲ್ಲಿಸುತ್ತದೆ.

ಸಂಶೋಧನೆಗೆ ಸಾಧನವಾದ ವಿಷ

ಸೋಡಿಯಂ ಚಾನೆಲ್ ಎಂಬ ಪ್ರೋಟೀನನ್ನು ಪತ್ತೆಹಚ್ಚಲು ನೆರವಾದದ್ದೇ ಚೇಳಿನ ವಿಷ. ಅಮೆರಿಕದ ವಿಲಿಯಂ ಕ್ಯಾಟರಾಲ್ ಮತ್ತು ಬೆನೆಸ್ಕಿ 1980ರಲ್ಲಿ ಲೀಯುರಸ್ ಚೇಳಿನ ವಿಷಪೆಪ್ಟೈಡಿಗೆ ವಿಕಿರಣಶೀಲ ಗುರುತು ಹಚ್ಚಿ, ಬೆಳಕು ಹಾಯಿಸಿದಾಗ ಅದು ಚಾನೆಲ್‌ಗೆ ಶಾಶ್ವತವಾಗಿ ಅಂಟಿಕೊಳ್ಳುವಂತೆ ಮಾಡಿ, ಮಿದುಳಿನ ಸಾವಿರಾರು ಪ್ರೋಟೀನುಗಳ ನಡುವಿನಿಂದ ಚಾನೆಲ್ಲನ್ನು ಬೇರೆಯಾಗಿ ಗುರುತಿಸಿದರು. ಜಪಾನಿನ ಶೋಸಾಕು ನುಮಾ ಅವರ ತಂಡ 1984ರಲ್ಲಿ ವಿದ್ಯುತ್ ಹಾವುಮೀನಿನ ಸೋಡಿಯಂ ಚಾನೆಲ್‌ನ ಅಮೈನೋ ಆಮ್ಲಗಳ ಪೂರ್ಣ ಅನುಕ್ರಮವನ್ನು ಪ್ರಕಟಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಷಗಳ ವಿಕಾಸವನ್ನು ಅಧ್ಯಯನ ಮಾಡುವ ಪ್ರಯೋಗಾಲಯವನ್ನು ನಡೆಸುತ್ತಿರುವ ಕಾರ್ತಿಕ್ ಸುಣಗಾರ್ ಮತ್ತು ಸಂಗಡಿಗರು 2013ರ ಪ್ರಬಂಧದಲ್ಲಿ, ಬೂಥಿಡೀ ಚೇಳುಗಳ ಮೇಲೆ ಮಾತ್ರ ಗಮನ ಹರಿದು ಉಳಿದ ಕುಟುಂಬಗಳ ವಿಷ ಕಡೆಗಣನೆಗೊಳಗಾಗಿರುವುದನ್ನು ಎತ್ತಿ ತೋರಿಸಿದರು.

ವಿಷ ಮತ್ತು ಚಾನೆಲ್‌ಗಳ ಈ ಸಂಬಂಧ ಎರಡೂ ಕಡೆಯಿಂದ ವಿಕಾಸಗೊಳ್ಳುತ್ತದೆ. ಅಮೆರಿಕದ ಮರುಭೂಮಿಯಲ್ಲಿ ಚೇಳನ್ನು ತಿಂದು ಬದುಕುವ ಇಲಿಯೊಂದರ 1.8 ಬಗೆಯ ಸೋಡಿಯಂ ಚಾನೆಲ್ ತುಸು ಮಾರ್ಪಟ್ಟಿದ್ದು, ಸೆಂಟ್ರುರಾಯ್ಡಿಸ್ ಚೇಳಿನ ವಿಷ ಆ ಚಾನೆಲ್ಲನ್ನು ತಡೆದು, ನೋವು ಹುಟ್ಟಿಸುವ ಬದಲು ನೋವನ್ನು ಶಮನಗೊಳಿಸುತ್ತದೆ ಎಂಬುದು 2013ರಲ್ಲಿ ತಿಳಿದುಬಂದಿತು. ನೋವು ನಿವಾರಕಗಳ ಹೊಸ ಶೋಧಕ್ಕೆ ಇಂಥ ಅರಿವು ದಾರಿ ತೋರಿಸುತ್ತಿದೆ.

ನಂಬಿಕೆಗಳು ಮತ್ತು ಮನೆಮದ್ದುಗಳು

ಸುಶ್ರುತಸಂಹಿತೆಯ ಕಲ್ಪಸ್ಥಾನ ಚೇಳುಗಳನ್ನು ವಿಷದ ತೀಕ್ಷ್ಣತೆಗೆ ಅನುಸಾರವಾಗಿ ಮಂದವಿಷ, ಮಧ್ಯವಿಷ, ಮಹಾವಿಷ ಎಂದು ಮೂರಾಗಿ ವಿಂಗಡಿಸುತ್ತದೆ. ಎಲ್ಲ ಚೇಳುಗಳ ವಿಷ ಒಂದೇ ತೆರನಲ್ಲವೆಂಬ ತಿಳಿವು ಈ ನೆಲದಲ್ಲಿ ಹಳೆಯದೆಂಬುದಕ್ಕೆ ಇದು ಸಾಕ್ಷಿ. ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿಗೆ ಪೂಜೆ ಸಲ್ಲುತ್ತದೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದಲ್ಲಿ ನಾಗರಪಂಚಮಿಯಂದು ಭಕ್ತರು ಕಲ್ಲುಗಳ ಅಡಿಯಿಂದ ಚೇಳುಗಳನ್ನು ಎತ್ತಿ ಮೈಮೇಲೆ ಬಿಟ್ಟುಕೊಳ್ಳುತ್ತಾರೆ. ಉತ್ತರಾಣಿಯ ಬೇರನ್ನು ಅರೆದು ಹಚ್ಚುವುದು, ಹುಣಸೆಬೀಜವನ್ನು ಕಲ್ಲಿಗೆ ತೇಯ್ದು ಅಂಟಿಸುವುದು, ಮಂತ್ರ ಹಾಕಿಸುವುದು ಹಳ್ಳಿಗಳಲ್ಲಿ ರೂಢಿಯಲ್ಲಿದ್ದ, ಈಗಲೂ ಅಲ್ಲಲ್ಲಿ ಉಳಿದಿರುವ ಕ್ರಮಗಳು. ಹೆಚ್ಚಿನ ಕಡಿತಗಳು ತಾವಾಗಿಯೇ ಇಳಿಯುವಂಥವಾದ್ದರಿಂದ ಗುಣವಾದ ಯಶಸ್ಸು ಈ ಕ್ರಮಗಳ ಪಾಲಿಗೆ ಬಂದಿದೆ. ರಕ್ತಕ್ಕೆ ಸೇರಿ ದೂರದ ನರಗಳ ಚಾನೆಲ್‌ಗಳನ್ನು ಹಿಡಿದ ವಿಷವನ್ನು ಚರ್ಮದ ಮೇಲೆ ಹಚ್ಚಿದ ಯಾವ ಮದ್ದೂ ಮುಟ್ಟಲಾರದು.

ಮುನ್ನೆಚ್ಚರಿಕೆ ಮತ್ತು ಪ್ರಥಮ ಚಿಕಿತ್ಸೆ

ಚೇಳಿನ ಹೊರಕವಚದಲ್ಲಿರುವ ಕೆಲವು ರಾಸಾಯನಿಕಗಳು ಅತಿನೇರಳೆ ಬೆಳಕಿನಲ್ಲಿ ಹಸಿರು ನೀಲಿಯಾಗಿ ಹೊಳೆಯುವುದರಿಂದ ಅಂಥ ಬೆಳಕಿನ ಟಾರ್ಚಿನಿಂದ ಇರುಳಲ್ಲಿ ಚೇಳುಗಳನ್ನು ಸುಲಭವಾಗಿ ಗುರುತಿಸಬಹುದು. ಚಪ್ಪಲಿ, ಹಾಸಿಗೆ, ಬಟ್ಟೆಗಳನ್ನು ಝಾಡಿಸಿ ಬಳಸುವುದು, ಕಲ್ಲು, ಕಟ್ಟಿಗೆ, ಕುಳ್ಳುಗಳನ್ನು ಬರಿಗೈಯಿಂದ ಎತ್ತದಿರುವುದು, ಮನೆಯ ಗೋಡೆಗೆ ತಾಗಿ ಬಣವೆ ಒಟ್ಟದಿರುವುದು, ಮಕ್ಕಳನ್ನು ನೆಲದ ಬದಲು ಮಂಚದ ಮೇಲೆ ಮಲಗಿಸುವುದು ಕಡಿತವನ್ನು ತಪ್ಪಿಸಲು ನೆರವಾಗುತ್ತವೆ. ಕಡಿದ ಮೇಲೆ ಹಗ್ಗ ಬಿಗಿಯುವುದು, ಗಾಯ ಕೊಯ್ಯುವುದು, ಬಾಯಿಂದ ಹೀರುವುದು ಹಾನಿಕರ. ಜಾಗವನ್ನು ತೊಳೆದು, ತಣ್ಣನೆಯ ಬಟ್ಟೆ ಇಟ್ಟು, ರೋಗಿಯನ್ನು ಸಮಾಧಾನದಿಂದ ಇರಿಸಬೇಕು. ಬೆವರು, ವಾಂತಿ, ತಣ್ಣಗಾದ ಕೈಕಾಲು, ಏದುಸಿರು ಇವುಗಳಲ್ಲಿ ಯಾವುದು ಕಂಡರೂ, ಮಗುವಾದರೆ ಲಕ್ಷಣಕ್ಕೆ ಕಾಯದೆಯೇ, ಹತ್ತಿರದ ಸರ್ಕಾರಿ ಆಸ್ಪತ್ರೆಗೆ, ಅಗತ್ಯಬಿದ್ದರೆ ಅಲ್ಲಿಂದ ತೀವ್ರ ನಿಗಾ ಘಟಕವಿರುವ ಗದಗ ಅಥವಾ ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ತಲುಪಿಸಬೇಕು. ಚಾನೆಲ್‌ಗಳನ್ನು ಹಿಡಿದ ವಿಷ ಶಾಶ್ವತವಾಗಿ ಅಂಟಿರುವುದಿಲ್ಲ. ಮೊದಲ ಒಂದೆರಡು ದಿನ ಹೃದಯವನ್ನು ಕಾಪಾಡಿದರೆ ಹೆಚ್ಚಿನ ರೋಗಿಗಳು ಪೂರ್ತಿಯಾಗಿ ಗುಣಹೊಂದುತ್ತಾರೆ. ಆದ್ದರಿಂದ ಚೇಳಿನ ಕಡಿತದಲ್ಲಿ ಜೀವ ಉಳಿಸುವ ಅತಿ ಮುಖ್ಯ ಸಂಗತಿಯೆಂದರೆ ಆಸ್ಪತ್ರೆಯನ್ನು ಬೇಗ ಸೇರುವುದು.